ಪಟ್ಟಿ ಸೇರಿಸಲೇ, ಗಾಡಿಯನ್ನೇ ಬದಲಿಸಲೇ?

ಲೋಡುಗಾಡಿ: ನನ್ನದು ಒಂಬತ್ತು ವರ್ಷದ ಡೀಸೆಲ್ ಪಿಕಪ್, ನಾಲ್ಕು ಬಾಗಿಲಿನದು. 2,10,000 ಕಿ.ಮೀ. ಓಡಿದೆ. ಎಂಜಿನ್ ಬಗ್ಗೆ ದೂರಿಲ್ಲ. ಆದರೆ 50 ಕೆ.ಜಿ.ಯ ಇಪ್ಪತ್ತು ಮೂಟೆ ಸಿಮೆಂಟ್ ಹೇರಿದರೆ ಹಿಂಭಾಗ ಕುಳಿತೇಬಿಡುತ್ತದೆ. ರಾತ್ರಿ ಮುಂದಿನ ದೀಪಗಳು ರಸ್ತೆ ಬಿಟ್ಟು ಮರದ ತುದಿ ತೋರಿಸುತ್ತವೆ. ಕಂಪನಿಯವರು ಒಂದು ಟನ್ ಹೊರುತ್ತದೆ ಎಂದಿದ್ದಾರೆ, ಇಪ್ಪತ್ತು ಮೂಟೆ ಎಂದರೆ ಸರಿಯಾಗಿ ಒಂದು ಟನ್. ಹಾಗಾದರೆ ತಪ್ಪು ಸ್ಪ್ರಿಂಗಿನದೇ ತಾನೇ? ಹಿಂದಿನ ಲೀಫ್ ಸ್ಪ್ರಿಂಗಿಗೆ ಇನ್ನೆರಡು ಉಕ್ಕಿನ ಪಟ್ಟಿ ಸೇರಿಸಿ, ಎರಡಂಗುಲ ಎತ್ತರಿಸಿ, ದೊಡ್ಡ ಟೈರ್ ಹಾಕಿಸೋಣ ಎಂದುಕೊಂಡಿದ್ದೇನೆ. ಇಲ್ಲವೇ ಇದನ್ನು ಮಾರಿ ಹೊಸದನ್ನೇ ತೆಗೆದುಕೊಳ್ಳಲೇ?

ಮೂರನೇಗೇರ್: ಎಂಜಿನ್ ಚೆನ್ನಾಗಿದ್ದರೆ ಮಾರಬೇಡಿ. ಪಟ್ಟಿ ಸೇರಿಸಿ, ಎತ್ತರಿಸಿ, 265/65 ಆರ್ 17 ಅಳತೆಯ ಟೈರ್ ಇದ್ದ ಕಡೆ ಅದಕ್ಕಿಂತ ಎತ್ತರದ 265/70 ಹಾಕಿಸಿ. ನಾನು ಹಾಗೆಯೇ ಮಾಡಿಸಿ ಮೂರು ವರ್ಷವಾಯಿತು. ಗಾಡಿ ನಿಂತ ಗತ್ತೇ ಬೇರೆ.

ಖಾಲಿಬಾಡಿ: ಗತ್ತಿಗೆ ಸಿಮೆಂಟ್ ಹೊರಲು ಬರುವುದಿಲ್ಲವಲ್ಲ.

ಎಣ್ಣೆಕೈ: ಮೊದಲು ಒಂದು ಲೆಕ್ಕ. ಚಾಲಕನ ಬಾಗಿಲು ತೆರೆದರೆ ಪಕ್ಕದ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅಲ್ಲಿ ಇಲ್ಲದಿದ್ದರೆ ಗಾಡಿಯ ಪುಸ್ತಕದಲ್ಲಿ ನೋಡಿ. ಲೋಡು ಸಮೇತ ಗಾಡಿಯ ಒಟ್ಟು ತೂಕ ಎಷ್ಟಿರಬಹುದು, ಮುಂದಿನ ಆಕ್ಸಲ್, ಅಂದರೆ ಚಕ್ರಗಳ ಅಚ್ಚಿನ, ಮೇಲೆ ಎಷ್ಟು, ಹಿಂದಿನದರ ಮೇಲೆ ಎಷ್ಟು ಎಂದು ಅದರಲ್ಲಿ ಇರುತ್ತದೆ. ಒಂದು ಟನ್ ಎಂಬ ಮಾತು ಕಾರ್ಖಾನೆಯಿಂದ ಬರಿಮೈಯಲ್ಲಿ ಹೊರಬಂದ ಗಾಡಿಗೆ ಸಂಬಂಧಿಸಿದ್ದು. ಆ ಒಂದು ಟನ್ನಿನ ಲೆಕ್ಕದಲ್ಲಿ ನೀವೂ ಬಂದಿರಿ, ಪಕ್ಕದಲ್ಲಿ ಕುಳಿತವರೂ ಬಂದರು, ಆಮೇಲೆ ಹಾಕಿಸಿದ ಕಬ್ಬಿಣದ ಬಂಪರ್ ಕೂಡ ಬಂದಿತು. ಟ್ರೇಲರ್ ಎಳೆಯುವವರಿಗೆ ಇನ್ನೂ ಒಂದು ಮರೆಗುಳಿತನ ಇದೆ. ಸಾಮಾನ್ಯವಾಗಿ ಟ್ರೇಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಗಾಡಿಯ ಹಿಚ್, ಅಂದರೆ ಟ್ರೇಲರ್ ಕಟ್ಟುವ ಕೊಕ್ಕೆಯ, ಮೇಲೆ ಕೂರುತ್ತದೆ, ಅದೂ ಲೋಡೇ. ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ.

ಪಟ್ಟಿ ಸೇರಿಸಿದರೆ ಗಾಡಿ ಕುಳಿತುಕೊಳ್ಳುವುದು ನಿಲ್ಲುತ್ತದೆ, ನಿಜ. ಆದರೆ ಚೀಟಿಯ ಮೇಲಿನ ಅಂಕಿ ಒಂದು ಕೆ.ಜಿ. ಕೂಡ ಮೇಲೇರುವುದಿಲ್ಲ. ಆಕ್ಸಲ್ ಅದೇ, ಬೇರಿಂಗ್ ಅದೇ, ಬ್ರೇಕ್ ಅದೇ. ಕುಳಿತಿದ್ದಾಗ ಲೋಡು ಹೆಚ್ಚಾಗಿದೆ ಎಂದು ಕಣ್ಣಿಗಾದರೂ ಕಾಣುತ್ತಿತ್ತು, ಈಗ ಅದೂ ಕಾಣುವುದಿಲ್ಲ.

ಮೂರನೇಗೇರ್: ಇದು ಪುಸ್ತಕದ ಮಾತು. ಕಂಪನಿಯವರು ಯಾವಾಗಲೂ ಕಡಿಮೆ ಬರೆಯುತ್ತಾರೆ. ನನ್ನ ಗಾಡಿಗೆ ಇದುವರೆಗೆ ಏನೂ ಆಗಿಲ್ಲ.

ಎಣ್ಣೆಕೈ: ಆಗಲಿ, ನಿಮ್ಮ ಗಾಡಿಯದೇ ಒಂದು ಪ್ರಶ್ನೆ. ನೀವು ಹಾಕಿಸಿದ ಟೈರ್ ಮೊದಲಿನದಕ್ಕಿಂತ ಸುಮಾರು ನೂರಕ್ಕೆ 3.4ರಷ್ಟು ದೊಡ್ಡದು. ವ್ಯಾಸ 776 ಮಿ.ಮೀ. ಇದ್ದದ್ದು 803 ಆಗುತ್ತದೆ. ಮೀಟರನ್ನು ಸರಿಪಡಿಸದಿದ್ದರೆ ಮೊದಲು ನಿಜವಾದ 100 ಇದ್ದಾಗ ಅದು ಏನು ತೋರಿಸುತ್ತಿತ್ತೋ, ಈಗ 103.4ರ ವೇಗದಲ್ಲೂ ಅದನ್ನೇ ತೋರಿಸುತ್ತದೆ. ಓಡಿದ ದೂರವೂ ಅಷ್ಟೇ ಕಡಿಮೆ ದಾಖಲಾಗುತ್ತದೆ. ಮೈಲೇಜ್ ಬಿದ್ದುಹೋಯಿತು ಎಂದು ಬಂದು ಗೋಳಾಡುವವರಲ್ಲಿ ಅರ್ಧ ಜನರ ಮೈಲೇಜ್ ಅವರು ಅಂದುಕೊಂಡಷ್ಟು ಬಿದ್ದಿರುವುದಿಲ್ಲ, ಲೆಕ್ಕ ಬಿದ್ದಿರುತ್ತದೆ. ಮತ್ತು ಇಷ್ಟೆಲ್ಲ ಮಾಡಿ ಹೊಟ್ಟೆಯ ಕೆಳಗೆ ಸಿಕ್ಕಿದ ಎತ್ತರ 13 ಮಿ.ಮೀ., ವ್ಯಾಸ ಹೆಚ್ಚಿದ್ದರಲ್ಲಿ ಅರ್ಧ.

ಮೂರನೇಗೇರ್: ಮೈಲೇಜ್ ವಿಷಯ ಒಪ್ಪುತ್ತೇನೆ. ಅದು ನನಗೆ ಹೊಳೆದಿರಲಿಲ್ಲ.

ಹಳೇಚಕ್ರ: ಎತ್ತರಿಸುವವರು ಬ್ರೇಕಿನ ಕಡೆ ನೋಡುವುದೇ ಇಲ್ಲ. ಹಳೆಯ ಪಿಕಪ್‌ಗಳು ಬಹಳಷ್ಟರಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಸ್, ಅಂದರೆ ಗಾಡಿಯ ಕೆಳಚೌಕಟ್ಟಿನ, ಮೇಲಿನ ಒಂದು ಕವಾಟಕ್ಕೆ ಸಣ್ಣ ಕಡ್ಡಿ ಇರುತ್ತದೆ. ಲೋಡು ಬಿದ್ದು ಬಾಡಿ ಕೆಳಗಿಳಿದಾಗ ಆ ಕಡ್ಡಿ ಕವಾಟವನ್ನು ತಿರುಗಿಸಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತದೆ. ಗಾಡಿ ಖಾಲಿಯಿದ್ದಾಗ ಹಿಂದಿನ ಚಕ್ರ ಕಚ್ಚಿ ಜಾರಬಾರದು ಎಂದು ಒತ್ತಡ ಕಡಿಮೆ ಮಾಡುತ್ತದೆ. ಎರಡಂಗುಲ ಎತ್ತರಿಸಿ ಆ ಕಡ್ಡಿಯನ್ನು ಹಾಗೆಯೇ ಬಿಟ್ಟರೆ ಒಂದು ಟನ್ ಹೇರಿದಾಗಲೂ ಗಾಡಿ ಖಾಲಿಯಿದೆ ಎಂದೇ ಕವಾಟ ತಿಳಿಯುತ್ತದೆ. ಬೇಕಾದ ಹೊತ್ತಿಗೆ ಹಿಂದಿನ ಬ್ರೇಕ್ ಅರ್ಧ ಮನಸ್ಸಿನಿಂದ ಹಿಡಿಯುತ್ತದೆ. ನಿಮ್ಮ ಗಾಡಿಯ ಕೆಳಗೆ ಟಾರ್ಚ್ ಹಾಕಿ ನೋಡಿ, ಆ ಕಡ್ಡಿ ಇದ್ದರೆ ಎತ್ತರಿಸುವವರಿಗೆ ಅದನ್ನು ತೋರಿಸಿ ಏನು ಮಾಡುತ್ತೀರಿ ಎಂದು ಕೇಳಿ. ಮುಖ ಮುಖ ನೋಡಿಕೊಂಡರೆ ಗಾಡಿ ತೆಗೆದುಕೊಂಡು ಬನ್ನಿ.

ತಿರುಪು: ಪಟ್ಟಿಯ ಗೊಡವೆಯೇ ಬೇಡ ಎಂದು ನಾನು ಸ್ಪ್ರಿಂಗಿನ ಜೊತೆಗೆ ಗಾಳಿಚೀಲ ಹಾಕಿಸಿದ್ದೆ. ಹಾಕಿದವರ ಹೆಸರು ಬೇಡ, ತಪ್ಪು ನನ್ನದೂ ಇತ್ತು. ಲೀಫ್ ಸ್ಪ್ರಿಂಗ್ ತನ್ನ ಎರಡು ತುದಿಗಳಲ್ಲಿ ಚಾಸಿಸ್ಸಿಗೆ ಭಾರ ಹಂಚುತ್ತದೆ. ಗಾಳಿಚೀಲ ಆ ಭಾರದಲ್ಲಿ ದೊಡ್ಡ ಪಾಲನ್ನು ತಂದು ಆಕ್ಸಲ್ ನೆತ್ತಿಯ ಒಂದೇ ಜಾಗಕ್ಕೆ ಒತ್ತುತ್ತದೆ. ನಾನು ಬಾಡಿಯ ತೀರಾ ಹಿಂದೆ ಜನರೇಟರ್ ಇಟ್ಟುಕೊಂಡು, ಅದಕ್ಕೂ ಹಿಂದೆ ಟ್ರೇಲರ್ ಕಟ್ಟಿ ಹಳ್ಳಕೊಳ್ಳ ಹಾರಿಸಿದೆ. ಒಂದು ದಿನ ಗಾಡಿ ತೊಳೆಯುವಾಗ ಕ್ಯಾಬಿನ್ ಮತ್ತು ಬಾಡಿಯ ನಡುವಿನ ಸಂದಿಯ ಮೇಲೆ ಕಣ್ಣು ಬಿತ್ತು. ಕೆಳಗೆ ಒಂದು ಬೆರಳು ಹಿಡಿಸುತ್ತದೆ, ಮೇಲೆ ಮೂರು. ಚಾಸಿಸ್ ಬಗ್ಗಿಹೋಗಿತ್ತು.

ಎಣ್ಣೆಕೈ: ಹಳೆಯ ಪಿಕಪ್ ಕೊಳ್ಳಲು ಹೋದವರು ಮೊದಲು ನೋಡಬೇಕಾದದ್ದೇ ಆ ಸಂದಿ. ಬಣ್ಣ ಆಮೇಲೆ.

ಖಾಲಿಬಾಡಿ: ನಾನು ವಾರಕ್ಕೊಮ್ಮೆ ಎರಡು ಸೈಕಲ್ ಹೇರುವವನು. ಆದ್ದರಿಂದ ನನ್ನ ಮಾತಿಗೆ ಇಲ್ಲಿ ಬೆಲೆ ಇರಲಾರದು, ಆದರೂ ಹೇಳುತ್ತೇನೆ. ಎಲ್ಲರಿಗೂ ಚಾಸಿಸ್ ಮೇಲೆ ಕೂರಿಸಿದ ಗಾಡಿ ಬೇಕಾಗಿಲ್ಲ. 2005ರಲ್ಲಿ ಬಂದ ಹೋಂಡಾ ರಿಡ್ಜ್‌ಲೈನ್ ಕಾರಿನಂತೆ ಮೈಯೇ ಚೌಕಟ್ಟಾಗಿರುವ ಪಿಕಪ್. ಬಾಡಿಯ ನೆಲದ ಕೆಳಗೆ ಬೀಗ ಹಾಕುವ ಡಿಕ್ಕಿ ಬೇರೆ. ಇದು ಪಿಕಪ್ಪೇ ಅಲ್ಲ ಎಂದು ನಗುವವರು ತಮ್ಮ ಬಾಡಿಯಲ್ಲಿ ಕೊನೆಯ ಸಲ ಏನು ಹೇರಿದ್ದರು ಎಂದು ನೆನಪಿಸಿಕೊಳ್ಳಲಿ.

ಹಳೇಚಕ್ರ: 1925ರಲ್ಲಿ ಫೋರ್ಡ್ ತನ್ನ ಮಾಡೆಲ್ ಟಿ ಗಾಡಿಗೆ ಕಾರ್ಖಾನೆಯಲ್ಲೇ ಪಿಕಪ್ ಬಾಡಿ ಕೂರಿಸಿ ಮಾರಿದ್ದು ಸೈಕಲ್ ಹೇರಲು ಅಲ್ಲ ಸ್ವಾಮಿ.

ಖಾಲಿಬಾಡಿ: ಅದೇ ಫೋರ್ಡ್ 2015ರ ಎಫ್-150 ಪಿಕಪ್‌ಗೆ ಅಲ್ಯೂಮಿನಿಯಂ ಮೈ ಹಾಕಿದಾಗಲೂ ಹೀಗೆಯೇ ಮೂಗು ಮುರಿದವರಿದ್ದರು. ಮೈಯ ತೂಕ ಇಳಿದಷ್ಟೂ ಹೊರಲು ಜಾಗ ಸಿಗುತ್ತದೆ. ಎಣ್ಣೆಕೈ ಅವರ ಲೆಕ್ಕವೂ ಅದೇ ಅಲ್ಲವೇ?

ಎಣ್ಣೆಕೈ: ಅದೇ. ಹೊಸದು ಕೊಳ್ಳುವುದಾದರೆ ಇನ್ನೊಂದು ಮಾತು. ಈಗಿನ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಅದು ಆಗಾಗ ಬಿಸಿಯೇರಿ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು, ಅದಕ್ಕೆ ಒಂದಷ್ಟು ಹೊತ್ತು ಬಿಡುವಿಲ್ಲದ ಓಟ ಬೇಕು. ದಿನವೂ ಮೂರು ಕಿ.ಮೀ. ಓಡಿಸಿ ನಿಲ್ಲಿಸುವವರಿಗೆ ಜಾಲರಿ ಕಟ್ಟಿಕೊಳ್ಳುತ್ತದೆ. ಸುಡಲು ಹೆಚ್ಚಾಗಿ ಚಿಮ್ಮಿಸಿದ ಡೀಸೆಲ್ ಕೆಲವು ಎಂಜಿನ್‌ಗಳಲ್ಲಿ ಆಯಿಲ್‌ಗೆ ಇಳಿಯುವುದೂ ಉಂಟು. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹೆಚ್ಚಾಗಿರುವುದನ್ನು ಕಂಡು ಸಂತೋಷಪಟ್ಟವರನ್ನು ನೋಡಿದ್ದೇನೆ. ಸೈಕಲ್ ಹೇರುವವರಿಗೆ ಪೆಟ್ರೋಲ್ ಸಾಕು.

ಲೋಡುಗಾಡಿ: ಎಲ್ಲರಿಗೂ ನಮಸ್ಕಾರ. ಚೀಟಿ ಓದಿದೆ, ಒಟ್ಟು 2,900 ಕೆ.ಜಿ., ಹಿಂದಿನ ಆಕ್ಸಲ್ 1,850. ವೇ ಬ್ರಿಡ್ಜ್‌ಗೂ ಹೋಗಿ ಬಂದೆ. ಗಾಡಿಯ ಮೂಲ ತೂಕ 1,900 ಎಂದು ಪುಸ್ತಕ ಹೇಳುತ್ತದೆ. ನಾನೊಬ್ಬನೇ ಕುಳಿತು ಖಾಲಿ ಬಾಡಿಯಲ್ಲಿ ತೂಗಿಸಿದರೆ 2,200! ನಾನು 75. ಉಳಿದ 225 ಎಲ್ಲಿಂದ ಬಂತು ಎಂದು ಕುಳಿತು ಬರೆದೆ. ಬಂಪರ್ 45, ಸಾಮಾನು ತುಂಬಿದ ಪೆಟ್ಟಿಗೆ 85, ಏಣಿ ಕಟ್ಟುವ ಕಬ್ಬಿಣದ ಚೌಕಟ್ಟು 65, ಎರಡನೆಯ ಸ್ಟೆಪ್ನಿ 30. ಇಪ್ಪತ್ತು ಮೂಟೆ, ಇಬ್ಬರು ಹುಡುಗರು ಸೇರಿದರೆ 3,340. ಅದರಲ್ಲಿ 2,090 ಹಿಂದಿನ ಆಕ್ಸಲ್ ಮೇಲೆ.

ಹಳೇಚಕ್ರ: 440 ಕೆ.ಜಿ. ಹೆಚ್ಚು. ಟೈರಿನ ಪಕ್ಕದಲ್ಲಿ ಅಳತೆಯ ನಂತರ ಒಂದು ಸಂಖ್ಯೆ ಇರುತ್ತದೆ, ಎಷ್ಟಿದೆ ನೋಡಿ.

ಲೋಡುಗಾಡಿ: 108.

ಹಳೇಚಕ್ರ: 108 ಎಂದರೆ ಒಂದು ಟೈರು ಹೊರಬಹುದಾದದ್ದು 1,000 ಕೆ.ಜಿ. ನೀವು ಹಿಂದಿನ ಒಂದೊಂದರ ಮೇಲೆ 1,045 ಕೂರಿಸಿದ್ದೀರಿ. ಅದೂ ಗಾಳಿ ಸರಿಯಾಗಿದ್ದಾಗಿನ ಮಾತು. ಮುಂದಿನ ಸಲ 112 ಇರುವುದನ್ನು ಕೇಳಿ ತೆಗೆದುಕೊಳ್ಳಿ, ಅದು 1,120 ಹೊರುತ್ತದೆ. ಹಾಗೆಂದು ಆಕ್ಸಲಿನ 1,850 ಮರೆಯಬೇಡಿ.

ಮೂರನೇಗೇರ್: ನನ್ನ ಟೈರ್ ನೋಡಿಕೊಂಡು ಬಂದೆ. 115 ಇದೆ, ಬಚಾವಾದೆ. ಆದರೆ ಬ್ರೇಕಿನ ಆ ಕಡ್ಡಿಯನ್ನು ಯಾರೂ ಮುಟ್ಟಿಲ್ಲ, ಮೊದಲಿನ ಧೂಳು ಹಾಗೆಯೇ ಕುಳಿತಿದೆ. ನಾಳೆ ಗ್ಯಾರೇಜಿಗೆ ಒಯ್ಯುತ್ತೇನೆ.

ಎಣ್ಣೆಕೈ: ಲೋಡುಗಾಡಿಯವರೇ, ಖಾಲಿ ಇದ್ದಾಗ ಸ್ಪ್ರಿಂಗ್ ಹೇಗಿದೆ? ಬಿಲ್ಲಿನಂತೆ ಬಾಗಿದೆಯೋ ಹಲಗೆಯಂತೆ ನೇರವಾಗಿದೆಯೋ?

ಲೋಡುಗಾಡಿ: ಹಲಗೆಯೇ. ಎಡಗಡೆ ಮೂರನೆಯ ಪಟ್ಟಿ ತುಂಡಾಗಿದೆ, ಮುರಿದ ಕಡೆ ತುಕ್ಕು ಕೂಡ ಹಳೆಯದು. ಆಕ್ಸಲ್ ಚಾಸಿಸ್ಸಿಗೆ ಬಡಿಯದಂತೆ ಇರುವ ರಬ್ಬರ್ ತಡೆ ಜಜ್ಜಿ ಅಪ್ಪಚ್ಚಿಯಾಗಿದೆ.

ಎಣ್ಣೆಕೈ: ಹಾಗಾದರೆ ಸ್ಪ್ರಿಂಗಿನ ಕೆಲಸವೂ ಇದೆ. ಹೆಚ್ಚುವರಿ ಪಟ್ಟಿ ಬೇಡ, ಎರಡೂ ಕಡೆ ಮೂಲ ಅಳತೆಯ ಪೂರ್ತಿ ಜೋಡಿ ಹಾಕಿಸಿ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಹೊಸದೇ ಆಗಲಿ, ಹಳೆಯದನ್ನು ಮತ್ತೆ ಬಿಗಿಯಲು ಬಿಡಬೇಡಿ. ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ, ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ. ಚಾಸಿಸ್ ಒಳಮೈಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ಕೇಳಿಸಿಕೊಳ್ಳಿ. ಠಣ್ ಎಂದರೆ ಗಾಡಿ ಇಟ್ಟುಕೊಳ್ಳಿ, ಡಬ್ ಎಂದು ಪುಡಿ ಉದುರಿದರೆ ಮಾರುವ ವಿಚಾರ ಮಾಡಿ.

ಲೋಡುಗಾಡಿ: ಇಡೀ ಉದ್ದಕ್ಕೂ ಠಣ್ ಎಂದಿತು. ಸ್ಪ್ರಿಂಗ್ ಜೋಡಿ ಹಾಕಿಸಿದ್ದಾಯಿತು, ಎತ್ತರಿಸುವ ಯೋಚನೆ ಬಿಟ್ಟೆ. ಪೆಟ್ಟಿಗೆ, ಚೌಕಟ್ಟು ಎರಡನ್ನೂ ಇಳಿಸಿ ಮನೆಯಲ್ಲಿಟ್ಟಿದ್ದೇನೆ. ಈಗಿನ ಲೆಕ್ಕಕ್ಕೆ ನಾನು, ಇಬ್ಬರು ಹುಡುಗರು, ಹದಿನಾಲ್ಕು ಮೂಟೆ, ಒಟ್ಟು 2,890. ಹುಡುಗರಲ್ಲಿ ಒಬ್ಬ ಬೈಕಿನಲ್ಲಿ ಬಂದರೆ ಹದಿನೈದನೆಯ ಮೂಟೆಗೂ ಜಾಗವಿದೆ. ಯಾರು ಬೈಕಿನಲ್ಲಿ ಬರಬೇಕು ಎಂಬ ಜಗಳ ಬೆಳಗ್ಗೆಯಿಂದ ನಡೆಯುತ್ತಿದೆ.