ಕತ್ತಲ್ಯಾಗ ಪಾಪೆ 7.2, ಬೆಳಕಿನ್ಯಾಗ 4: ಲೇಸರ್ ಮಾಡಿಸ್ಲೋ ಬ್ಯಾಡೋ?

ತೊಗರಿ ಹುಡುಗ, ಕಲಬುರಗಿ
ನಮಸ್ಕಾರ್ರಿ. ನನಗ 23 ವರ್ಷ, ಎರಡೂ ಕಣ್ಣಿಗೆ ಮೈನಸ್ 6, ನಂಬರ್ ಏರೋದು ನಿಂತದ. ಲೇಸರ್ ಮಾಡಿಸಿ ಚಷ್ಮಾ ಬಿಡಬೇಕಂತ ಮಾಡೀನಿ. ಇಲ್ಲೇ ಒಂದು ಕಡೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸ್ಕ್ಯಾನ್ ಮಾಡಿದ್ರು, ರಿಪೋರ್ಟಿನ್ಯಾಗ ಪಾಪೆ 4 ಮಿ.ಮೀ. ಅಂತ ಬಂತು. ಹೈದರಾಬಾದಿನ್ಯಾಗ ತೋರಿಸಿದ್ರ ದೀಪ ಎಲ್ಲಾ ಆರಿಸಿ, ಸ್ವಲ್ಪ ಹೊತ್ತು ಸುಮ್ನ ಕೂಡಿಸಿ, ದುರ್ಬೀನಿನಂಥದೊಂದು ಕಣ್ಣಿಗೆ ಹಿಡಿದು 7.2 ಅಂದ್ರು. ಯಾವುದು ಖರೆ? ದಾಲ್ ಮಿಲ್ಲಿನ ಮಾಲು ಹಾಕ್ಕೊಂಡು ರಾತ್ರಿ ಹುಮನಾಬಾದ್ ಕಡೆ ಗಾಡಿ ನಾನೇ ಓಡಿಸ್ತೀನಿ, ಅದಕ್ಕ ಕೇಳ್ಳಿಕತ್ತೀನಿ. ಕಾರ್ನಿಯಾ ದಪ್ಪ 510 ಮೈಕ್ರಾನ್.

ಚಷ್ಮಾ ಅಕ್ಕ, ಬೀದರ್
ಎರಡೂ ಖರೆನೇ ತಮ್ಮಾ. ಸ್ಕ್ಯಾನ್ ಮಷಿನ್ ಕಣ್ಣಿನ ಮ್ಯಾಲೆ ಬೆಳಕಿನ ಉಂಗುರ ಬಿಡ್ತದ, ಬೆಳಕು ಬಿದ್ರ ಪಾಪೆ ಮುದುಡ್ತದ. ಆ 4 ಹಗಲಿನ ಲೆಕ್ಕ. ಕತ್ತಲ್ಯಾಗ ಹಿಡಿಯೋ ಪ್ಯೂಪಿಲೋಮೀಟರ್ ಇನ್‌ಫ್ರಾರೆಡ್ ಮ್ಯಾಲೆ ನಡೀತದ. ಅದು ಕಣ್ಣಿಗೆ ಕಾಣಂಗಿಲ್ಲ, ಪಾಪೆ ಅರಳಿದ್ದಂಗೇ ಇರ್ತದ. ದೂರ ನೋಡು ಅಂದಿದ್ರೇನು? ಹತ್ತಿರದ್ದು ನೋಡಿದ್ರೂ ಪಾಪೆ ಸಣ್ಣ ಆಗ್ತದ. ಕತ್ತಲ್ಯಾಗ ಕೂತಾಗ ಮೊಬೈಲ್ ತಗಿಯೋ ಮಂದೀನ ನಾ ದಿನಾ ಬೈತೀನಿ! ಪಾಪೆ ಅರಳಿಸೋ ಡ್ರಾಪ್ಸ್ ಹಾಕೋದಕ್ಕ ಮೊದಲೇ ಅಳೀಬೇಕು, ಹಾಕಿದ ಮ್ಯಾಲೆ ಅಳೆದ್ರ ಅದು ಔಷಧದ ಅಳತಿ.

ಲೇಸರ್ ಸರಿಮಾಡೋ ವೃತ್ತಕ್ಕ ಆಪ್ಟಿಕಲ್ ಝೋನ್ ಅಂತಾರ. ಪಾಪೆ ಅದಕ್ಕಿಂತ ಅಗಲ ಅರಳಿದ್ರ ಸರಿಮಾಡದ ಅಂಚಿನಿಂದ ಬೆಳಕು ಒಳಗ ಹೋಗಿ ಎದುರಿನ ಲಾರಿ ಲೈಟಿನ ಸುತ್ತ ಉಂಗುರ ಕಾಣಬಹುದು. ಹಂಗಂತ ಝೋನ್ ದೊಡ್ಡದು ಮಾಡಂದ್ರ ಕಾರ್ನಿಯಾ ಜಾಸ್ತಿ ಸವೀತದ. ಎಷ್ಟು ಸವೀತದ ಅಂದ್ರ, ಝೋನನ್ನ ಅದರಿಂದಲೇ ಗುಣಿಸು, ನಂಬರಿನಿಂದ ಗುಣಿಸು, 3ರಿಂದ ಭಾಗಿಸು. ನಿನಗ 6 ಮಿ.ಮೀ. ಇಟ್ರ 72 ಮೈಕ್ರಾನ್, 7 ಇಟ್ರ 98. ಲ್ಯಾಸಿಕ್ ಅನ್ನೋ ಲೇಸರ್ ಆಪರೇಷನ್ನಿನ್ಯಾಗ ಮೊದಲು ಕಾರ್ನಿಯಾದ ಮ್ಯಾಲಿನ ತೆಳು ಪದರ ಕೊಯ್ದು ಎತ್ತತಾರ, ಆ ಫ್ಲ್ಯಾಪ್ 110 ಹಿಡಿ, ಅದರ ತಳದಾಗ ಕಾರ್ನಿಯಾ 328 ಇಲ್ಲಾ 302 ಉಳೀತದ. ಇದು ಅಂದಾಜು, ಮಷಿನ್ ಅಂಚು ನುಣುಪು ಮಾಡಲಿಕ್ಕ ಇನ್ನೂ ಸ್ವಲ್ಪ ತಿಂತದ. 250ಕ್ಕಿಂತ ಕೆಳಗ ಯಾರೂ ಇಳಿಯಂಗಿಲ್ಲ, 300 ಉಳಿಸೋರೇ ಜಾಸ್ತಿ.

ಕೃಷ್ಣಾ ದಂಡಿ, ಯಾದಗಿರಿ
ಪಾಪೆ ಒಂದನ್ನೇ ಹಿಡ್ಕೊಂಡು ಹೆದರಬ್ಯಾಡ್ರಿ. ನಂದು ಕತ್ತಲ್ಯಾಗೂ 6ರ ಒಳಗೇ ಇತ್ತು, ಆದ್ರೂ ಲ್ಯಾಸಿಕ್ ಆದ ಮ್ಯಾಲೆ ಕೆಲವು ತಿಂಗಳು ಉಂಗುರ ಕಂಡ್ವು. ಕಣ್ಣು ಒಣಗ್ತಿತ್ತು, ಟಿಯರ್ ಡ್ರಾಪ್ಸ್ ಹಾಕ್ತಾ ಹಾಕ್ತಾ ಕಡಿಮಿ ಆತು.

ಚಷ್ಮಾ ಅಕ್ಕ, ಬೀದರ್
ಅಣ್ಣಾರು ಹೇಳಿದ್ದು ಬರೋಬ್ಬರಿ. ಮೊದಮೊದಲು ಝೋನ್ 4–5 ಮಿ.ಮೀ. ಇಡ್ತಿದ್ರು, ಆಗ ಈ ಕಾಟ ಬಾಳ ಇತ್ತು. ಈಗ ಹೆಚ್ಚುಕಡಿಮಿ 6ರಿಂದ 6.5 ಇಡ್ತಾರ, ಪಾಪೆ ದೊಡ್ಡದಿದ್ದೋರಿಗೆಲ್ಲಾ ಉಂಗುರ ಕಾಣ್ತಾವ ಅಂತಿಲ್ಲ. ಉಳಿದ ನಂಬರ್, ಒಣಕಣ್ಣು, ಮೊದಲಿನ ನಂಬರ್ ಎಲ್ಲಾ ಸೇರ್ತಾವ. ಆದ್ರ ತಮ್ಮಾ, ನಿಂದು ರಾತ್ರಿ ಗಾಡಿ, ಮೈನಸ್ 6, 7.2. ಮೂರೂ ಕೂಡ್ಯಾವ. "ನನಗ ಝೋನ್ ಎಷ್ಟು ಇಡ್ತೀರಿ, ತಳದಾಗ ಎಷ್ಟು ಉಳೀತದ" ಅಂತ ಬಾಯಿಬಿಟ್ಟು ಕೇಳು. ಅಂಕಿ ಹೇಳದೆ "ಏನೂ ಆಗಂಗಿಲ್ಲ" ಅಂದ್ರ ಅಡ್ವಾನ್ಸ್ ಕಟ್ಟಬ್ಯಾಡ.

ತೊಗರಿ ಹುಡುಗ, ಕಲಬುರಗಿ
ಆತು ಅಕ್ಕಾ. ಸೋಮವಾರ ಫೋನ್ ಹಚ್ಚಿ ಇವೆರಡೇ ಕೇಳ್ತೀನಿ.