ಸಹಾಯ ಬೇಕು: ವಾಟರ್ ಕೂಲಿಂಗ್ ಪಂಪ್‌ಗೆ ಮಾತ್ರ ವಿದ್ಯುತ್ ಕೊಡುವುದು ಹೇಗೆ?

ಶಿರಸಿಯಿಂದ ಬರೆಯುತ್ತಿದ್ದೇನೆ. ಕಂಪ್ಯೂಟರ್‌ಗೆ ವಾಟರ್ ಕೂಲಿಂಗ್ ಜೋಡಿಸಿಯಾಗಿದೆ, ಕೂಲಂಟ್ (ತಂಪು ಮಾಡುವ ದ್ರವ) ತುಂಬುವುದು ಬಾಕಿ. 12 ವೋಲ್ಟ್‌ನ ಡಿ5 ಮಾದರಿಯ ಪಂಪ್. ಸೋರಿಕೆ ಇಲ್ಲವೆಂದು ಖಾತ್ರಿಯಾಗುವವರೆಗೆ ಮದರ್‌ಬೋರ್ಡ್‌ಗಾಗಲಿ ಗ್ರಾಫಿಕ್ಸ್ ಕಾರ್ಡ್‌ಗಾಗಲಿ ವಿದ್ಯುತ್ ಹೋಗಕೂಡದು.

ಪವರ್ ಸಪ್ಲೈಯ 24 ಪಿನ್ ಕನೆಕ್ಟರನ್ನು ಮದರ್‌ಬೋರ್ಡ್‌ನಿಂದ ಬಿಡಿಸಿ, ಅದರ 16ನೇ ಪಿನ್ನನ್ನು ಪಕ್ಕದ ಗ್ರೌಂಡ್‌ಗೆ ಸೇರಿಸಿದರೆ ಪವರ್ ಸಪ್ಲೈ ಚಾಲೂ ಆಗುತ್ತದೆ ಎಂಬುದು ಗೊತ್ತು. ಹಳೆಯವುಗಳಲ್ಲಿ ಆ ತಂತಿ ಹಸಿರು. ನನ್ನದರಲ್ಲಿ ಎಲ್ಲವೂ ಕಪ್ಪು, ಹಾಗಾಗಿ ಎಣಿಸಿಯೇ ಗುರುತಿಸಬೇಕು. ಪೇಪರ್ ಕ್ಲಿಪ್ ಬಗ್ಗಿಸಿ ಸಿಕ್ಕಿಸಿದರೆ ಸಾಕು ಎನ್ನುವವರಿದ್ದಾರೆ. ಪಕ್ಕದಲ್ಲೇ ಕೂಲಂಟ್ ಸುರಿಯುವಾಗ ಬರಿಯ ತಂತಿ ಇರುವುದು ನನಗೆ ಖಂಡಿತ ಒಪ್ಪಿಗೆಯಿಲ್ಲ. ಆ ಎರಡು ಪಿನ್‌ಗಳನ್ನು ಸೇರಿಸಲೆಂದೇ ಇರುವ ಜಂಪರ್ ಪ್ಲಗ್ ಇಲ್ಲಿಯ ಅಂಗಡಿಗಳಲ್ಲಿ ಸಿಗಲಿಲ್ಲ.

ಬೇರೆಯೇ 12 ವೋಲ್ಟ್ ಅಡಾಪ್ಟರ್ ಬಳಸಬಹುದೇ? ಮನೆಯಲ್ಲಿರುವ ರೂಟರ್‌ನದು 1 ಆಂಪಿಯರ್. ಪೂರ್ಣ ವೇಗದಲ್ಲಿ ಡಿ5 ಸುಮಾರು 23 ವ್ಯಾಟ್ ಎಳೆಯುವುದರಿಂದ ಅದು ಸಾಲದು. 3 ಆಂಪಿಯರ್‌ನದು ತಂದು, ಪಂಪ್‌ಗೆ ವಿದ್ಯುತ್ ಕೊಡುವ ಮೋಲೆಕ್ಸ್ ಕನೆಕ್ಟರ್‌ನ ಹಳದಿ, ಕಪ್ಪು ತಂತಿಗಳಿಗೆ ಧ್ರುವ ತಪ್ಪದಂತೆ ಜೋಡಿಸಿದರೆ ಸುರಕ್ಷಿತವೇ? ಮಾಡಿದವರು ದಯವಿಟ್ಟು ತಿಳಿಸಿ.

ಇನ್ನೊಂದು ಚಿಂತೆ. ಪಂಪ್ ಒಣಗಿ ಓಡಬಾರದು, ಅದರ ಬೇರಿಂಗ್‌ಗೆ ದ್ರವವೇ ಎಣ್ಣೆ. ಟ್ಯಾಂಕ್ ತುಂಬಿಸಿ, ಕೆಲವೇ ಕ್ಷಣ ಓಡಿಸಿ, ಮಟ್ಟ ಇಳಿದೊಡನೆ ನಿಲ್ಲಿಸಬೇಕು. ಈ ಮಳೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿದೆ. ಹೋದ ಕರೆಂಟ್ ಮರಳಿದಾಗ ಪಂಪ್ ತಾನಾಗಿ ಓಡದಂತೆ ಏನು ಮಾಡುತ್ತೀರಿ?

ಶಿರಸಿ, ಕುಮಟಾ, ಕಾರವಾರದ ಕಡೆ ಯಾರಲ್ಲಾದರೂ ಜಂಪರ್ ಪ್ಲಗ್ ಇದ್ದರೆ ಎರಡು ದಿನಕ್ಕೆ ಕೊಡಿ, ನಾನೇ ಬಂದು ಒಯ್ಯುತ್ತೇನೆ.