ಸಹಾಯ ಬೇಕು: ಸಕ್ಕರೆ ಕಾಯಿಲೆಯಿರುವ ತಂದೆಯವರಿಗೆ ಕೋವಿಡ್ ನಂತರ ರಕ್ತ ಹೆಪ್ಪುಗಟ್ಟುವ ಆತಂಕ

ಗುಂಪಿನಲ್ಲಿರುವ ವೈದ್ಯರಿಗೂ ಅನುಭವಸ್ಥರಿಗೂ ನಮಸ್ಕಾರ.

ಹದಿನೆಂಟು ವರ್ಷಗಳಿಂದ ಮಧುಮೇಹವಿರುವ, 67 ವರ್ಷದ ನಮ್ಮ ತಂದೆಯವರು ಕೋವಿಡ್‌ನಿಂದಾಗಿ ಆರು ದಿನ ಆಸ್ಪತ್ರೆಯಲ್ಲಿದ್ದು ಮೊನ್ನೆ ಮನೆಗೆ ಬಂದಿದ್ದಾರೆ. ಅಲ್ಲಿದ್ದಷ್ಟು ದಿನವೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಪರಿನ್ 40 ಮಿ.ಗ್ರಾಂ. ಚುಚ್ಚುಮದ್ದನ್ನು ಹೊಟ್ಟೆಯ ಚರ್ಮದಡಿಗೆ ಕೊಡುತ್ತಿದ್ದರು; ಬಿಡುಗಡೆಯ ಚೀಟಿಯಲ್ಲಿ ಮಾತ್ರ ಅದನ್ನು ಮುಂದುವರಿಸಬೇಕೇ, ನಿಲ್ಲಿಸಬೇಕೇ ಎಂಬ ಪ್ರಸ್ತಾಪವೇ ಇಲ್ಲ.

ಮಧುಮೇಹದಲ್ಲಿ ರಕ್ತನಾಳಗಳ ಒಳಪದರ ಮೊದಲೇ ಹದಗೆಟ್ಟಿರುತ್ತದೆ, ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು) ಬೇಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹೆಪ್ಪನ್ನು ಕರಗಿಸುವ ದೇಹದ ಸಹಜ ಕ್ರಿಯೆಯೂ ಮಂದವಾಗಿರುತ್ತದೆ, ಇದರ ಮೇಲೆ ವೈರಾಣುವಿನಿಂದಾಗುವ ಉರಿಯೂತ ಸೇರಿದರೆ ಅಪಾಯ ಹೆಚ್ಚುತ್ತದೆ ಎಂದು ತಿಳಿದುಕೊಂಡಿದ್ದೇನೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟ ದಿನಗಳಲ್ಲಿ ಅವರ ಸಕ್ಕರೆ 300 ದಾಟಿತ್ತು. ಈಗ 180ರ ಆಸುಪಾಸಿನಲ್ಲಿದೆ.

ಬಿಡುಗಡೆಯ ದಿನ ಡಿ-ಡೈಮರ್ (ಹೆಪ್ಪು ಕರಗುವಾಗ ರಕ್ತದಲ್ಲಿ ಕಾಣುವ ಅಂಶ) 820 ಇತ್ತು. ವರದಿಯಲ್ಲಿ 500ರ ಮಿತಿ ಅಚ್ಚಾಗಿದ್ದರೂ, ಐವತ್ತು ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿ ನೋಡುವ ಕ್ರಮವೊಂದಿದೆಯಂತೆ. ಆ ಲೆಕ್ಕದಲ್ಲೂ ಇದು ಹೆಚ್ಚೇ. ಹೃದಯಕ್ಕಾಗಿ ಮೊದಲಿನಿಂದಲೂ ಆಸ್ಪಿರಿನ್ 75 ಸೇವಿಸುತ್ತಿರುವುದರಿಂದ, ಇನ್ನೊಂದು ಔಷಧ ಸೇರಿದರೆ ರಕ್ತಸ್ರಾವವಾದೀತೆಂಬ ಅಳುಕೂ ಇದೆ.

ಕಾಲಿನ ಊತ, ಎದೆನೋವು, ಏದುಸಿರು ಯಾವುದೂ ಸದ್ಯ ಇಲ್ಲ. ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ನಾವಾಗಿಯೇ ಯಾವ ಮಾತ್ರೆಯನ್ನೂ ಕೊಡುವುದಿಲ್ಲ. ಇಂಥ ಸ್ಥಿತಿಯಲ್ಲಿ ಫಿಜಿಷಿಯನ್ ಸಾಕೇ, ರಕ್ತರೋಗ ತಜ್ಞರನ್ನೇ ಕಾಣಬೇಕೇ, ಡಿ-ಡೈಮರ್ ಮತ್ತೆ ಮಾಡಿಸುವುದರಿಂದ ಪ್ರಯೋಜನವಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.